ಅಂಚಿನಲ್ಲಿ ಬಿಟ್ಟ ದಾರಿ

ನವಾಹೋ ಬುಡಕಟ್ಟಿನ ಸೀಮೆಯಲ್ಲಿ ಗ್ಲೆನಬಾಳಷ್ಟು ನಯವಾಗಿ ಹಳೆಯ ಕಂಬಳಿ ದುರಸ್ತಿ ಮಾಡುವವರು ಇರಲಿಲ್ಲ. ಹರಿದದ್ದು ಎಲ್ಲಿತ್ತೆಂದು ಆಮೇಲೆ ಅವಳೇ ಹುಡುಕಬೇಕು. ಆ ಕೈಚಳಕವೇ ಅವಳಿಗೆ ಮುಳುವಾಯಿತು.

ಕಂಬಳಿಗೆ ಅಂಚು ನೇಯುವಾಗ ಇಲ್ಲಿಯ ಹೆಂಗಸರು ಒಳಗಿನ ಬಣ್ಣದ ಒಂದೆಳೆಯನ್ನು ಮೂಲೆಯಲ್ಲಿ ಅಂಚು ದಾಟಿಸಿ ಹೊರಗೆ ಬಿಡುತ್ತಾರೆ. ನೇಯ್ದವಳ ಮನಸ್ಸು ಒಳಗೇ ಸಿಕ್ಕಿಕೊಳ್ಳದೆ ಮುಂದಿನ ಕಂಬಳಿಗೆ ಹೊರಟುಬರಲು ಅದೇ ದಾರಿ. ಕಂಬಳಿ ಕೊಂಡು ಮಾರುವ ಅಂಗಡಿಯ ಬಿಳಿಯ ಯಜಮಾನನಿಗೆ ಮಾತ್ರ ಅದು ಬರೀ ಕುಂದು. ಊರವರು ಅವನನ್ನು ಕರೆಯುವುದು ಉದ್ದಮೂಗ ಎಂದು. ಆ ಎಳೆಯ ಗೆರೆಯಿದ್ದ ಹೊಸ ಕಂಬಳಿಯನ್ನು ಅವನು ಮುಟ್ಟುತ್ತಿರಲಿಲ್ಲ. ಗ್ಲೆನಬಾಳ ತಾಯಿ ಸಿಟ್ಟಾಗಿ ಅವನಿಗೆ ನೇಯುವುದನ್ನೇ ಬಿಟ್ಟಳು, ಮಗಳು ಮಾತ್ರ ಅವನಿಗೆ ನೇಯುತ್ತಲೂ ದುರಸ್ತಿ ಮಾಡುತ್ತಲೂ ಇದ್ದಳು.

ಒಂದು ಚಳಿಗಾಲದಲ್ಲಿ ಅವನು ಎಲ್ಲಿಂದಲೋ ಬಂದ ಹಳೆಯ ಕಂಬಳಿಯೊಂದನ್ನು ಕೊಟ್ಟು, "ಮೂಲೇಲಿರೋ ಬೂದು ಗೆರೆ ಮುಚ್ಚಿಬಿಡು" ಎಂದ. ಅವಳು ಅದರ ಮೇಲೆ ಕರಿ ಉಣ್ಣೆಯ ಹೊಲಿಗೆ ಹಾಕಿ ಮುಚ್ಚಿದಳು. ಕೊನೆಗೆ ಕಂಬಳಿಯನ್ನು ಪೂರ್ತಿ ಹರಡಿ ಬದಿಯ ಹೆಣಿಗೆ ನೋಡಿದಾಗ ಗುರುತು ಸಿಕ್ಕಿತು. ಅದು ಅವ್ವನ ಕೈಕೆಲಸ. ಕೆಲಸ ಕೈತಪ್ಪೀತೆಂಬ ಭಯಕ್ಕೆ ಹೊಲಿಗೆ ಬಿಚ್ಚದೆ ಹಾಗೇ ಒಪ್ಪಿಸಿ ಬಂದಳು.

ಅಂದಿನಿಂದ ಅವ್ವ ಮಗ್ಗದ ಮುಂದೆ ಸುಮ್ಮನೆ ಕೂರತೊಡಗಿದಳು.

"ಚಿತ್ತಾರ ಬರ್ತಾನೇ ಇಲ್ಲ ಕಣೇ. ತಲೆಯೊಳಗೆ ಬಾಗಿಲು ಹಾಕ್ದಂಗಿದೆ."

"ಕಣ್ಣು ಮಂಜಾಗಿರ್ಬೇಕು, ಅವ್ವ."

"ನನ್ ಕಣ್ಣಿಗೇನಾಗಿದೆ? ಆ ಗುಡ್ಡದ ಮೇಲೆ ನಿನ್ನ ಸೋಮಾರಿ ಮೇಕೆ ಮಲಗಿರೋದು ಇಲ್ಲಿಂದ್ಲೇ ಕಾಣುತ್ತೆ."

ಗ್ಲೆನಬಾಳಿಗೆ ನಗು ಬರಲಿಲ್ಲ. ಅವ್ವನ ದಾರಿ ಮುಚ್ಚಿದ್ದು ಮಹಾಪಾಪವೆನಿಸಿತು. ಮರುದಿನ ಬೆಳಿಗ್ಗೆಯೇ ಅಂಗಡಿಗೆ ಹೋದಳು. ಉದ್ದಮೂಗ ಅದೇ ಕಂಬಳಿಯನ್ನು ದೂರದ ಪಟ್ಟಣಕ್ಕೆ ಕಳಿಸಲು ಸುತ್ತುತ್ತಿದ್ದ.

"ಅದು ನಮ್ಮವ್ವನ ದಾರಿ. ಒಂದು ಗಳಿಗೆ ಕೊಡಿ, ಮೇಲಿನ ಹೊಲಿಗೆ ಬಿಚ್ಚಿಬಿಡ್ತೀನಿ."

"ಕುಂದಿಲ್ಲ ಅಂತ ಕೊಂಡವರಿಗೆ ಮಾತು ಕೊಟ್ಟಾಗಿದೆ. ನಿಮ್ಮ ಪುರಾಣ ನಿಮ್ಮನೇಲಿಟ್ಕೊ."

ಅವನು ಹಗ್ಗ ತರಲು ಒಳಗೆ ಹೋದದ್ದೇ ತಡ, ಅವಳು ಕತ್ತರಿ ಎತ್ತಿಕೊಂಡು ಕರಿ ಹೊಲಿಗೆಯನ್ನು ಕಚಕ್ಕನೆ ಕತ್ತರಿಸಿ ಎಳೆದಳು. ಅಡಿಯಲ್ಲಿದ್ದ ಬೂದು ಎಳೆ ಹಾಗೇ ಮತ್ತೆ ಕಾಣಿಸಿತು.

"ಇನ್ನು ಈ ಹೊಸ್ತಿಲು ತುಳೀಬೇಡ!" ಎಂದು ಅವನು ಕಿರುಚಿದ್ದು ರಸ್ತೆಯವರೆಗೂ ಕೇಳಿಸಿತು.

ಮನೆಗೆ ಬಂದು ಅವ್ವನ ಮುಂದೆ ಒಂದೂ ಬಿಡದೆ ಹೇಳಿದಳು. ಬೈದಿದ್ದರೆ ಹಗುರಾಗುತ್ತಿತ್ತು. ಅವ್ವ ಬೈಯಲಿಲ್ಲ. ಕಾಫಿ ಬಗ್ಗಿಸಿ ಕೈಗೆ ಕೊಟ್ಟು, ಎದುರಿಗೆ ಕೂತಳು.

"ನನ್ನ ದಾರಿ ತೆರೆದೆ, ಸರಿ. ಅವನಿಗೆ ಅಂತ ನೀನು ನೇಯ್ದು ಕೊಟ್ಯಲ್ಲ ಮಗಳೇ, ಅವುಗಳಲ್ಲಿ ನಿನ್ನ ದಾರಿ ಬಿಟ್ಟಿದ್ಯಾ?"

ಗ್ಲೆನಬಾ ಕಾಫಿ ಕೆಳಗಿಟ್ಟಳು. ಒಂದರಲ್ಲೂ ಬಿಟ್ಟಿರಲಿಲ್ಲ. ಅವು ಯಾವ ಊರಿನ ಯಾವ ಮನೆಯ ನೆಲದ ಮೇಲೆ ಬಿದ್ದಿವೆಯೋ ಅವಳಿಗೆ ಗೊತ್ತೇ ಇರಲಿಲ್ಲ.