ಉಬ್ಬು ಹಲ್ಲಿನವರು

ಆ ದಿನ ಅವ್ವ ಉಪ್ಪಿಟ್ಟಿಗೆ ಉಪ್ಪಿನ ಬದಲು ಸಕ್ಕರೆ ಹಾಕಿದ್ದಳು. ಗಾಬರಿಯಲ್ಲಿ ಡಬ್ಬಿ ಅದಲುಬದಲಾಗಿತ್ತು, ಅಷ್ಟೇ. ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ, ನನ್ನನ್ನು ನೋಡಲೆಂದು ಕಾಮೋಠೆಯಿಂದ ಬಂದ ಐದು ಜನ ಒಂದೇ ದಿವಾನಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಹುಡುಗನ ತಂದೆ ಮೊದಲ ಚಮಚ ಬಾಯಿಗಿಟ್ಟರು, ಒಂದು ಕ್ಷಣ ತಡೆದರು, ಆಮೇಲೆ ಮಹಾ ಸೌಜನ್ಯದಿಂದ, "ಶಿರಾ ಭಾಳ ಛಲೋ ಆಗ್ಯದ" ಅಂದರು. ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಹಾಕಿದ ಶಿರಾ! ನನಗೆ ತಡೆಯಲಾಗಲಿಲ್ಲ, ನಕ್ಕುಬಿಟ್ಟೆ. ನಾನು ನಕ್ಕರೆ ಮೇಲುಸಾಲಿನ ಹಲ್ಲುಗಳು ನನಗಿಂತ ಒಂದು ಹೆಜ್ಜೆ ಮುಂದೆ ಬಂದು ಅತಿಥಿಗಳನ್ನು ತಾವೇ ಮಾತಾಡಿಸುತ್ತಿದ್ದವು. ಅಂದೂ ಮಾತಾಡಿಸಿದವು. ಹುಡುಗನ ತಾಯಿ ನನ್ನ ಬಾಯಿಯನ್ನೇ ನೋಡುತ್ತ ಚಮಚ ಕೆಳಗಿಟ್ಟರು.

ಎರಡು ದಿನ ಕಳೆದ ಮೇಲೆ ಉತ್ತರ ಬಂತು. ತಂದವಳು ಗಂಗತ್ತೆ, ನಮ್ಮಪ್ಪನ ಅಕ್ಕ. ಕಲ್ಯಾಣದಲ್ಲಿ ಅವಳ ಮನೆ. ಆ ಸಂಬಂಧವನ್ನು ಹುಡುಕಿದವಳೂ ಅವಳೇ. ಚಪ್ಪಲಿ ಬಿಡುವುದರೊಳಗೆ ಹೇಳಿದಳು: "ಹುಡುಗಿ ಒಪ್ಪಿಗಿ ಅಂತ. ಹಲ್ಲಷ್ಟs ಉಬ್ಬ್ಯಾವ ಅಂದ್ರು. ತಂತಿ ಹಾಕ್ಸಿ ಸೀದಾ ಮಾಡ್ಸಿದ್ರ ಒಂದ್ ವರ್ಷ ಕಾಯ್ತಾರಂತ. ಇನ್ನೇನ್ ಬೇಕು?"

ಗದಗಿನ ಕಡೆಯಿಂದ ಹೊಟ್ಟೆಪಾಡಿಗೆಂದು ಬಂದು ಡೊಂಬಿವಲಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ಜೀವಮಾನ ಸವೆಸಿದ ನಮ್ಮಪ್ಪ ಅಕ್ಕನ ಮಾತಿಗೆ ಎಂದೂ ಎದುರಾಡಿದವನಲ್ಲ. ಅವನು ನನ್ನ ಮುಖ ನೋಡಿದ. ನಾನು ಅಂದೆ: "ಅಪ್ಪಾ, ನನ್ನ ಹಲ್ಲಿಗೆ ಏನೂ ಆಗಿಲ್ಲ. ಆಗಿದ್ದು ಅವ್ರ ಕಣ್ಣಿಗೆ. ಅವರs ಡಾಕ್ಟರ ಕಡೆ ಹೋಗ್ಲಿ."

ಗಂಗತ್ತೆ ಕೆಂಡವಾದಳು. ಹೆಣ್ಣುಮಕ್ಕಳಿಗೆ ಇಷ್ಟು ಬಾಯಿ ಇರಬಾರದು ಅಂದಳು. ಈಗಾಗಲೇ ಹೊರಗೆ ಬಂದಿರುವುದು ಸಾಲದೆ ಇನ್ನೂ ಹೊರಗೆ ಬರುತ್ತಿದೆ ನಿನ್ನ ಬಾಯಿ ಅಂದಳು. ಚಹಾ ಕುಡಿಯದೆ ಎದ್ದು ಹೋದಳು. ಆ ಸಂಬಂಧ ಮುರಿಯಿತು. ಅವಳಿಗೂ ನನಗೂ ನಡುವೆ ಇದ್ದದ್ದೂ ಮುರಿಯಿತು. ಕೆಲವು ವರ್ಷಗಳ ಮೇಲೆ, ಹಲ್ಲಿನ ಬಗ್ಗೆ ಚಕಾರವೆತ್ತದ ಮೈಸೂರಿನ ರಮೇಶ ನನ್ನನ್ನು ಮದುವೆಯಾಗಿ ಕೋಪರಖೈರಣೆಗೆ ಕರೆತಂದ; ಆ ಮದುವೆಯಲ್ಲಿ ಗಂಗತ್ತೆ ಅಕ್ಕಿಕಾಳು ಹಾಕಿ ಊಟ ಮಾಡದೆ ಹೊರಟುಹೋದಳು.

ನಿಮ್ಮ ಹತ್ತಿರ ಮುಚ್ಚಿಡುವುದೇನು? ನನ್ನ ಆ 'ಇಲ್ಲ' ಎಂಬ ಮಾತನ್ನು ನಾನು ವರ್ಷಗಟ್ಟಲೆ ಒಡವೆಯಂತೆ ಧರಿಸಿ ಓಡಾಡಿದೆ. ತುರ್ಭೆಯ ಔಷಧಿ ಗೋದಾಮಿನಲ್ಲಿ ನನ್ನ ಕೆಲಸ. ಯಾವ ಲಾರಿ ಎಲ್ಲಿ ನಿಂತಿದೆ, ಯಾವ ಪೆಟ್ಟಿಗೆ ಎಲ್ಲಿಗೆ ಹೋಗಬೇಕು ಎಂದು ದಿನವಿಡೀ ಫೋನಿನಲ್ಲಿ ಡ್ರೈವರುಗಳೊಡನೆ ಹಿಂದಿಯಲ್ಲಿ ಜಗಳವಾಡುವುದು. ಅಲ್ಲಿ ಯಾರಿಗೂ ನನ್ನ ಹಲ್ಲು ಕಾಣಿಸುತ್ತಿರಲಿಲ್ಲ. ಕಂಡವರ ಮುಂದೆ ಇನ್ನಷ್ಟು ಅಗಲಿಸಿ ನಗುತ್ತಿದ್ದೆ. ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ, ಬಡಾವಣೆಯ ಕನ್ನಡ ಸಂಘದ ವೇದಿಕೆಯಲ್ಲಿ, ಎಲ್ಲೆಲ್ಲೂ. ವರ್ಷ ವರ್ಷವೂ ಸಂಘದ ರಾಜ್ಯೋತ್ಸವಕ್ಕೆ ನನ್ನದೇ ನಿರೂಪಣೆ. ಹೀಗಿರುವಾಗ ಒಂದು ಬೆಳಿಗ್ಗೆ ರೊಟ್ಟಿ ಮುರಿದು ಬಾಯಿಗಿಟ್ಟವಳಿಗೆ ಅಂಗುಳಲ್ಲಿ ಸೂಜಿ ಚುಚ್ಚಿದಂತಾಯಿತು. ಬೆರಳಿಟ್ಟು ನೋಡಿದರೆ ರಕ್ತ.

ವಾಶಿಯ ಹಲ್ಲಿನ ಡಾಕ್ಟರು ನನಗಿಂತ ಹತ್ತು ವರ್ಷ ಚಿಕ್ಕವಳಾದ ಮರಾಠಿ ಹುಡುಗಿ. ಕನ್ನಡಿ ಹಿಡಿದು ತೋರಿಸಿದಳು: ನನ್ನ ಮೇಲಿನ ಹಲ್ಲುಗಳು ಮುಂದಕ್ಕೆ ಹೋದದ್ದರಿಂದ ಕೆಳಗಿನವುಗಳಿಗೆ ತಡೆ ಎಂಬುದೇ ಇರಲಿಲ್ಲ; ಅವು ನಿಧಾನವಾಗಿ ಮೇಲೇರಿ ಅಂಗುಳನ್ನೇ ಕಚ್ಚತೊಡಗಿದ್ದವು. ಕಷ್ಟ ಬಂದರೆ ಹಲ್ಲು ಕಚ್ಚಿಕೊಂಡು ಸಹಿಸಿಕೋ ಎಂದು ಎಲ್ಲರೂ ಎಲ್ಲರಿಗೂ ಹೇಳುತ್ತಾರಲ್ಲ, ನನ್ನ ಮುಂದಿನ ಹಲ್ಲುಗಳು ಎಂದೂ ಒಂದನ್ನೊಂದು ಮುಟ್ಟಿದವೇ ಅಲ್ಲ! ಹೀಗೇ ಬಿಟ್ಟರೆ ಒಸಡು ಹಾಳಾಗಿ ಹಲ್ಲುಗಳು ಸಡಿಲಾಗುತ್ತವೆ, ಮೇಲುಸಾಲಿನ ಎರಡೂ ಪಕ್ಕದ ಒಂದೊಂದು ಹಲ್ಲು ತೆಗೆದು ಜಾಗ ಮಾಡಿ ತಂತಿ ಹಾಕಬೇಕು, ಸುಮಾರು ಎರಡು ವರ್ಷ ಹಿಡಿಯಬಹುದು ಅಂದಳು.

ತಂತಿ! ನನಗೆ ನೋವಿಗಿಂತ ಹೆಚ್ಚು ಅವಮಾನವಾಯಿತು. ಅಂದು ಅಷ್ಟು ಜಂಬದಿಂದ ಬೇಡವೆಂದದ್ದನ್ನು ಇಂದು, ಮೂವತ್ತಾರರ ವಯಸ್ಸಿನಲ್ಲಿ, ನಾನೇ ಹೋಗಿ ಹಾಕಿಸಿಕೊಂಡರೆ ಕಾಮೋಠೆಯವರು ಗೆದ್ದಂತಲ್ಲವೇ? ಎರಡು ತಿಂಗಳು ಸುಮ್ಮನೆ ಉಳಿದೆ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿಂದೆ. ನಗುವುದು ಕಡಿಮೆಯಾಯಿತು, ನಕ್ಕರೂ ನೋಯುತ್ತಿತ್ತು. ಒಂದು ಭಾನುವಾರ ರಮೇಶ ಬಟ್ಟೆ ಒಣಹಾಕುತ್ತ ಕೇಳಿದ: "ಆವತ್ತು ನೀನು ಬೇಡ ಅಂದಿದ್ದು ತಂತೀನಾ, ಆ ಜನಾನಾ?"

ಕೇಳಿ, ತೊಯ್ದ ಪ್ಯಾಂಟನ್ನು ಝಾಡಿಸಿ ಹಗ್ಗಕ್ಕೆ ಹಾಕಿದ. ಆ ಪ್ರಶ್ನೆ ನನ್ನೊಳಗೆ ಒಂದು ಗಂಟನ್ನು ಸಡಿಲಿಸಿತ್ತು. ಹಲ್ಲು ಬಗ್ಗಿಸುವುದು ಬೇರೆ, ತಲೆ ಬಗ್ಗಿಸುವುದು ಬೇರೆ. ಕಾಮೋಠೆಯವರಿಗೆ ಹೆದರಿ ತಂತಿ ಹಾಕಿಸಿಕೊಳ್ಳುವುದು ಎಷ್ಟು ಸೋಲೋ, ಅವರಿಗೆ ಹೆದರಿ ಹಾಕಿಸಿಕೊಳ್ಳದಿರುವುದೂ ಅಷ್ಟೇ ಸೋಲು; ಎರಡರಲ್ಲೂ ನನ್ನ ಬಾಯಿಯ ಯಜಮಾನಿಕೆ ಅವರದೇ. ಮಾರನೆಯ ದಿನ ಆಫೀಸಿಗೆ ಅರ್ಧ ರಜೆ ಹಾಕಿ ವಾಶಿಗೆ ಹೋದೆ.

ತಂತಿಯ ಮೊದಲ ತಿಂಗಳುಗಳ ವರ್ಣನೆಯಿಂದ ನಿಮ್ಮನ್ನು ದಣಿಸಲಾರೆ. ಕೆನ್ನೆಯೊಳಗೆ ಹುಣ್ಣು, ತಂತಿಯ ಚೂಪಿಗೆ ಮೆತ್ತುವ ಮೇಣ, ವಡಾಪಾವನ್ನು ಚಮಚದಿಂದ ತುಂಡರಿಸಿ ತಿನ್ನುವ ನಾಚಿಕೆಗೇಡು. ರೈಲಿನಲ್ಲಿ ಗೆಳತಿಯರು ಕೇಳಿದರು, ಈ ವಯಸ್ಸಿನಲ್ಲಿ ಯಾರಿಗಾಗಿ? ಅಚ್ಚರಿ ನೋಡಿ, ಇಪ್ಪತ್ತೆರಡರಲ್ಲಿ ಬೇಡವೆಂದಾಗಲೂ ಜನ ಬೈದರು, ಮೂವತ್ತಾರರಲ್ಲಿ ಬೇಕೆಂದಾಗಲೂ ಬೈದರು. ಆದರೆ ಇದೆಲ್ಲಕ್ಕಿಂತ ಹೆಚ್ಚು ಕಾಡಿದ್ದು ಅಂಗುಳಿಗೆ ಅಂಟಿಸಿದ ಒಂದು ಪುಟ್ಟ ತಟ್ಟೆ. ಕೆಳಗಿನ ಹಲ್ಲು ಗಾಯ ಮಾಡದಿರಲೆಂದು ಹಾಕಿದ್ದು. ಅದು ಬಂದದ್ದೇ ನನ್ನ 'ಸ'ಕಾರ ಸೋರಿಹೋಯಿತು. ನನ್ನ ಹೆಸರು ಸುಶೀಲಾ. ಫೋನಿನಲ್ಲಿ ಹೆಸರು ಹೇಳಿದರೆ ಡ್ರೈವರುಗಳು, "ಕೌನ್ ಮೇಡಮ್?" ಎಂದು ಎರಡು ಸಲ ಕೇಳತೊಡಗಿದರು.

ಆ ಹೊತ್ತಿಗೆ ಸರಿಯಾಗಿ ಗಂಗತ್ತೆ ನಮ್ಮ ಮನೆಗೆ ಬಂದಳು. ಕಲ್ಯಾಣದ ಅವಳ ಮನೆಯ ಛತ್ತು ಸೋರಿ ರಿಪೇರಿಗೆ ಕೊಟ್ಟಿದ್ದರು. ಅಪ್ಪ ತೀರಿಹೋಗಿದ್ದ, ಅವ್ವ ಊರಿಗೆ ಹೋಗಿದ್ದಳು, ಬೇರೆ ದಾರಿಯಿಲ್ಲದೆ ಒಂದು ತಿಂಗಳ ಮಟ್ಟಿಗೆ ನನ್ನಲ್ಲಿಗೆ ಬಂದಳು. ಎಪ್ಪತ್ತರ ಆಸುಪಾಸಿನ ಜೀವ, ಬೆನ್ನು ಮಾತ್ರ ಇನ್ನೂ ನೆಟ್ಟಗೆ. ಬಾಗಿಲು ತೆರೆದ ನನ್ನ ಬಾಯಿ ನೋಡಿದಳು. 'ನಾ ಅವಾಗs ಹೇಳಿದ್ದಿಲ್ಲೇನು' ಎಂಬ ಮಾತಿಗೆ ನಾನು ಸಿದ್ಧಳಾಗಿಯೇ ಇದ್ದೆ, ಅದಕ್ಕೆ ಕೊಡುವ ಉತ್ತರವನ್ನೂ ಮಸೆದಿಟ್ಟಿದ್ದೆ. ಅವಳು ಏನೂ ಅನ್ನಲಿಲ್ಲ. ಊಟವಾದ ಮೇಲೆ ನಾನು ಬಾತ್‌ರೂಮಿನ ಕನ್ನಡಿಯ ಮುಂದೆ ಸಣ್ಣ ಬ್ರಶ್ಶಿನಿಂದ ತಂತಿಯ ಸಂದಿಯ ಅನ್ನ ತೆಗೆಯುತ್ತಿದ್ದರೆ, ದಿನವೂ ಬಂದು ಚೌಕಟ್ಟಿಗೆ ಒರಗಿ ನಿಂತು ನೋಡುವಳು. ನೋಡಿ ಹೋಗುವಳು.

ಅಕ್ಟೋಬರಿನ ಕೊನೆಯಲ್ಲಿ ಸಂಘದ ಕಾರ್ಯದರ್ಶಿ ಪ್ರಭಾಕರ ರಾಯರ ಫೋನು ಬಂತು. ಉಡುಪಿಯ ಕಡೆಯವರು, ಮನುಷ್ಯ ಕೆಟ್ಟವರೇನಲ್ಲ. ಅನ್ನ ಕಲಸುತ್ತಿದ್ದ ನಾನು ಸ್ಪೀಕರಿನಲ್ಲಿಟ್ಟೆ. "ಸುಶೀಲಮ್ಮ, ಬೇಜಾರು ಮಾಡಿಕೊಳ್ಳಬೇಡಿ ಮಾರಾಯ್ರೆ. ಈ ಸಲ ಬೆಂಗಳೂರಿನಿಂದ ದೊಡ್ಡ ಅತಿಥಿ ಬರ್ತಾರೆ, ವೀಡಿಯೊ ಎಲ್ಲ ಉಂಟು. ನಿಮ್ಮದು ಹಲ್ಲಿನ ಕೆಲಸ ಮುಗಿಯುವವರೆಗೆ ನಿರೂಪಣೆ ಬೇರೆಯವರು ಮಾಡಲಿ ಅಂತ ಕಮಿಟಿಯವರು ಹೇಳ್ತಿದ್ದಾರೆ. ಮುಂದಿನ ವರ್ಷ ನೀವೇ, ಆಯ್ತಾ?"

'ಆಯ್ತು' ಅಂದೆ. ಹೌದು, ಅಂದುಬಿಟ್ಟೆ. ಅಷ್ಟು ವರ್ಷ ಒಡವೆಯಂತೆ ಧರಿಸಿದ 'ಇಲ್ಲ' ಬೇಕಾದ ಹೊತ್ತಿಗೆ ಬಾಯಿಗೆ ಬರಲಿಲ್ಲ.

ಫೋನಿಟ್ಟು ತಿರುಗಿದರೆ ಗಂಗತ್ತೆ ಊಟದ ತಟ್ಟೆಯ ಮುಂದೆ ಕೂತವಳು ನನ್ನನ್ನೇ ದಿಟ್ಟಿಸುತ್ತಿದ್ದಳು. ಆಮೇಲೆ ಬೆರಳನ್ನು ಬಾಯೊಳಗೆ ಹಾಕಿ, ಏನನ್ನೋ ಹಿಡಿದು ಎಳೆದು, ಅಂಗೈಯಲ್ಲಿಟ್ಟು ನನ್ನೆದುರು ಚಾಚಿದಳು. ಹಳದಿಗಟ್ಟಿದ ಒಂದು ಗುಲಾಬಿ ತಟ್ಟೆ, ಅದರಲ್ಲಿ ಸಾಲಾಗಿ ನಾಲ್ಕು ಹಲ್ಲು. ಮೇಲುಸಾಲಿನ ಮುಂದಿನ ನಾಲ್ಕು. ಹುಟ್ಟಿದಾಗಿನಿಂದ ನೋಡಿದ ಆ ಮುಖ, ಆ ನಾಲ್ಕು ಹಲ್ಲು ಹೊರಬಂದೊಡನೆ ನನಗೆ ಗುರುತೇ ಇಲ್ಲದ ಮುದುಕಿಯ ಮುಖವಾಯಿತು.

"ನಿನ್ನವು ಯಾರ ಹಲ್ಲು ಅನ್ಕೊಂಡಿ?" ಅಂದಳು. ಹಲ್ಲಿಲ್ಲದ ಮಾತು, ಗಾಳಿ ಸೋರುವ ಮಾತು, ನನ್ನದರ ಹಾಗೆಯೇ. "ನನ್ನವs ಅವು. ನನಗೂ ಹಂಗs ಇದ್ವು. ಲಗ್ನ ಗೊತ್ತಾದ ಮ್ಯಾಲೆ ಗಂಡಿನವ್ರು ಹಲ್ಲುಬ್ಬಿ ಅಂದ್ರಂತ ನಮ್ಮಪ್ಪ ಹುಬ್ಬಳ್ಳಿಗೆ ಕರಕೊಂಡ್ ಹೋದ. ಜಾತ್ರಿ ಪ್ಯಾಟಿ ತೋರಸ್ತಾನ ಅನ್ಕೊಂಡಿದ್ದೆ. ಕುರ್ಚಿ ಮ್ಯಾಲೆ ಕುಂದ್ರಿಸಿ ನಾಲ್ಕೂ ಕಿತ್ತಿಸಿದ. ಹದಿನೈದು ನನಗ."

ನಾನು ಅನ್ನದ ಕೈಯಲ್ಲೇ ಕೂತುಬಿಟ್ಟೆ.

"ಗಟ್ಟಿ ಹಲ್ಲಿದ್ದೂವು," ಅಂದಳು. "ಕಬ್ಬು ಸಿಗೀತಿದ್ದೆ. ನನಗ ಯಾರೂ ಕೇಳ್ಲಿಲ್ಲ. ನಿನಗ ಕೇಳಿದ್ರು, ನೀ ಇಲ್ಲಂದಿ. ನಿಮ್ಮಪ್ಪ ಸುಮ್ನಾದ. ಅಷ್ಟs ಆಗೋದಿತ್ತೇನು? ಒಂದ್ ಮಾತ್ ಇಲ್ಲ ಅಂದ್ರ ಮುಗೀತಿತ್ತೇನು? ಅದು ನನಗ ತಡಕೊಳ್ಳಾಕ ಆಗ್ಲಿಲ್ಲ. ಅದಕ್ಕs ನಿನ್ ಮ್ಯಾಲೆ ಸಿಟ್ಟು." ಹಲ್ಲಿನ ತಟ್ಟೆಯನ್ನು ಲೋಟದ ನೀರಿನಲ್ಲಿ ಅದ್ದಿ ಮತ್ತೆ ಬಾಯಿಗೆ ಹಾಕಿಕೊಂಡಳು. "ಈಗ ಆ ರಾಯರಿಗೆ ಯಾಕ ಹೂಂ ಅಂದಿ?"

ಇಷ್ಟು ವರ್ಷ ನಾನು ಗಂಗತ್ತೆಯನ್ನು ಕಾಮೋಠೆಯವರ ಸಾಲಿನಲ್ಲಿ ಕೂರಿಸಿದ್ದೆ. ನನ್ನ ಬಾಯಿಂದ ಬಂದ ಒಂದು ಮಾತು ಅವಳ ಜೀವಮಾನದ ಒಂದು ಗಾಯಕ್ಕೆ ಹೋಗಿ ನಾಟಿತ್ತೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಮೇಲೆ ಸಿಟ್ಟಾಗುವವರೆಲ್ಲ ನಮ್ಮನ್ನು ಬಗ್ಗಿಸಲೆಂದೇ ಸಿಟ್ಟಾಗುತ್ತಾರೆಂದು ನಾವು ತಿಳಿಯುತ್ತೇವೆ. ತಾವು ಬಗ್ಗಿದ್ದು ನೆನಪಾಗಿ ಉರಿಯುವವರೂ ಇದ್ದಾರೆ. ಕೈ ತೊಳೆದುಕೊಂಡು ರಾಯರಿಗೆ ಫೋನು ಮಾಡಿದೆ.

"ರಾಯರೇ, ಈ ಸಲದ ನಿರೂಪಣೆಯೂ ನನ್ನದೇ."

"ಅಲ್ಲ ಮಾರಾಯ್ರೆ, ನಿಮಗೆ ಸ ಬರ್ತಾ ಇಲ್ಲ ಅಲ್ವಾ?"

"ಬರ್ತದ್ರಿ. ಸ್ವಲ್ಪ ತಡವಾಗಿ ಬರ್ತದ. ಕಾಯ್ರಿ."

ಕಮಿಟಿಯವರ ಜೊತೆ ಎರಡು ದಿನ ವಾದವಾಯಿತು. ನನ್ನ ತಂತಿಯಿಂದ ಸಂಘದ ಮರ್ಯಾದೆ ಹೋಗುವುದಾದರೆ ಹಾಗೆಂದು ಬರೆದು ಕೊಡಿ, ನೋಟೀಸು ಬೋರ್ಡಿಗೆ ನಾನೇ ಅಂಟಿಸುತ್ತೇನೆ ಅಂದೆ. ಯಾರೂ ಬರೆದು ಕೊಡಲಿಲ್ಲ. ಯಾರೋ ಒಬ್ಬರು 'ಸ' ಇಲ್ಲದ ಮಾತುಗಳನ್ನು ಆರಿಸಿ ಬರೆದುಕೊಳ್ಳಿ ಎಂದು ಸಲಹೆ ಕೊಟ್ಟರು. ನಾನು ವೇದಿಕೆಗೆ ಹೋಗಿ, ದೀಪಗಳೆಲ್ಲ ನನ್ನ ಬಾಯಿಯ ಲೋಹಕ್ಕೆ ಬಿದ್ದು ಹೊಳೆಯುತ್ತಿರುವಾಗ, "ಸಭೆಯಲ್ಲಿ ಸೇರಿರುವ ಸಮಸ್ತ ಸಹೃದಯರಿಗೆ ಸುಶೀಲಾಳ ಸವಿನಯ ಸ್ವಾಗತ" ಎಂದು ಆರಂಭಿಸಿದೆ. ಒಂದೊಂದು ಸಕಾರವೂ ಸೀಟಿ ಹೊಡೆಯಿತು. ಮೂರನೆಯ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಹಿಂದೆ ಇನ್ನೂ ಕೆಲವರು ನಕ್ಕರು. ಮೈಕಿನಿಂದ ಹಿಂದೆ ಸರಿಯದೆ, ನಗು ಮುಗಿಯುವ ತನಕ ಅವರನ್ನು ನೋಡುತ್ತ ನಿಂತೆ. ನಗು ಎಷ್ಟು ಹೊತ್ತು ಬಾಳೀತು? ಮುಗಿಯಿತು. ನಾನು ಮುಂದಿನ ಸಾಲು ಓದಿದೆ. ಎರಡೂವರೆ ಗಂಟೆ ಓದಿದೆ. ಮನೆಗೆ ಬರುವ ಆಟೋದಲ್ಲಿ ಗಂಗತ್ತೆ, "ಹಾವು ಬುಸುಗುಟ್ಟಿದಂಗ ಇತ್ತು. ಆದ್ರ ಒಬ್ರೂ ಎದ್ದು ಹೋಗ್ಲಿಲ್ಲ" ಅಂದಳು. ಅದಕ್ಕಿಂತ ದೊಡ್ಡ ಮೆಚ್ಚುಗೆ ನನಗೆ ಇದುವರೆಗೆ ಸಿಕ್ಕಿಲ್ಲ.

ಎರಡು ವರ್ಷ ಅಂದದ್ದು ಎರಡೂವರೆಯಾಯಿತು. ತಂತಿ ಬಿಚ್ಚುವ ಮೊದಲು ಡಾಕ್ಟರು ಇನ್ನೊಂದು ಆರು ತಿಂಗಳು ಎಳೆದರೆ ಮುಖದ ಪಕ್ಕನೋಟ ಇನ್ನೂ ಚೆಂದವಾಗುತ್ತದೆ ಅಂದಳು. ಅಂಗುಳಿಗೆ ಇನ್ನು ಗಾಯವಾಗುತ್ತದೆಯೇ ಎಂದು ಕೇಳಿದೆ. ಇಲ್ಲ, ಮೇಲಿನ ಕೆಳಗಿನ ಹಲ್ಲು ಈಗ ಸರಿಯಾಗಿ ಕೂಡುತ್ತವೆ, ಇದು ಬರೀ ನೋಟಕ್ಕೆ ಅಂದಳು. ಹಾಗಾದರೆ ಬಿಚ್ಚಿ ಅಂದೆ. ನನ್ನ ಹಲ್ಲುಗಳು ಇವತ್ತಿಗೂ ಒಂದು ಕೂದಲೆಳೆಯಷ್ಟು ಮುಂದಿವೆ. ಇರಲಿ.

ಆ ಸುದ್ದಿ ಹೇಳಲು ಕಲ್ಯಾಣಕ್ಕೆ ಹೋದರೆ ಗಂಗತ್ತೆ ಹೊರಡಲು ತಯಾರಾಗಿ ಕೂತಿದ್ದಳು. ಅವಳ ಹಳೆಯ ಹಲ್ಲಿನ ತಟ್ಟೆ ಬಿರುಕುಬಿಟ್ಟಿತ್ತು, ಹೊಸದಕ್ಕೆ ಅಳತೆ ಕೊಟ್ಟು ಬಂದಿದ್ದಳು. ನಡಿ, ಜೊತೆಗೆ ಬಾ ಅಂದಳು. ಸ್ಟೇಷನ್ನಿನ ಹತ್ತಿರದ ಸಣ್ಣ ದವಾಖಾನೆ. ಮೇಣದ ಮೇಲೆ ನಾಲ್ಕು ಹಲ್ಲು ಕೂರಿಸಿ, ಬಾಯಿಗಿಟ್ಟು ನೋಡಿ, ಅಲ್ಲಿನ ತರುಣ ಡಾಕ್ಟರು ಮರಾಠಿಯಲ್ಲಿ ಹೆಮ್ಮೆಯಿಂದ, ನೋಡಿ ಆಜಿ, ಎಷ್ಟು ನೇರವಾಗಿವೆ ಅಂದ. ಗಂಗತ್ತೆ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ತೆಗೆದು ಅವನ ಕೈಗೆ ಕೊಟ್ಟು ನನ್ನ ಕಡೆ ತಿರುಗಿದಳು.

"ಹೇಳು ಇವಗ. ಸೀದಾ ಬ್ಯಾಡ. ಮುಂದಿನವೆರಡು ಸ್ವಲ್ಪ ಹೊರಗ ಕೂಡ್ರಸು ಅನ್ನು."

ನಾನು ಹೇಳಿದೆ. ಡಾಕ್ಟರಿಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿದೆ. ಅದು ಚೆಂದ ಕಾಣುವುದಿಲ್ಲ, ಜನ ನನ್ನ ಕೆಲಸವೇ ಕೆಟ್ಟದ್ದು ಅಂದಾರು ಎಂದು ಅವನು ತಲೆಯಾಡಿಸಿದ. ಗಂಗತ್ತೆ ಕುರ್ಚಿಯಿಂದ ಏಳಲಿಲ್ಲ. ಎರಡೂ ಕೈಗಳನ್ನು ಹಿಡಿಕೆಯ ಮೇಲಿಟ್ಟು, ನೆಟ್ಟಗೆ ಕೂತು, ತನ್ನ ಹರಕು ಮರಾಠಿಯಲ್ಲಿ ಅವನಿಗೇ ನೇರವಾಗಿ ಹೇಳಿದಳು: ಹದಿನೈದರವರೆಗೆ ನನ್ನವು ಹಾಗೇ ಇದ್ದವು ಮಗಾ, ನನಗೆ ನನ್ನವೇ ಬೇಕು, ನೀನು ಮಾಡಿಕೊಡುವ ತನಕ ಈ ಕುರ್ಚಿ ಬಿಟ್ಟು ಏಳುವುದಿಲ್ಲ.

ಹೊರಗೆ ಕಾಯುತ್ತಿದ್ದವರು ಒಬ್ಬೊಬ್ಬರಾಗಿ ಇಣುಕಿ ನೋಡತೊಡಗಿದರು. ಅವನು ಒಂದು ನಿಮಿಷ ಅವಳನ್ನು ನೋಡಿದ, ನನ್ನನ್ನು ನೋಡಿದ, ಕೊನೆಗೆ ದೀಪ ಹೊತ್ತಿಸಿ, ಮುಂದಿನ ಹಲ್ಲುಗಳಡಿಯ ಮೇಣವನ್ನು ಮೆತ್ತಗಾಗಲೆಂದು ಬಿಸಿಗೆ ಹಿಡಿದ.