ಸೂಜಿ ಕೊರಳಲ್ಲಿದ್ದಾಗ ಕೇಳಿದ ಹೆಸರು

ಹಾಲಿನವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುವವಳು ನಾನು. ಕೊರಳಿನ ಗಂಟನ್ನು ಕೊಯ್ಯದೆಯೇ ಕರಗಿಸುತ್ತೇವೆ ಎಂದವರನ್ನು ಸುಮ್ಮನೆ ನಂಬಿಬಿಡುತ್ತೇನೆಯೇ?

ಬಾಗಲಕೋಟೆ ಕಡೆಯಿಂದ ಬಂದು ಯಲಹಂಕದಲ್ಲಿ ನೆಲೆಸಿ ಇಪ್ಪತ್ತು ವರ್ಷ ದಾಟಿತ್ತು. ರಾಜಾನುಕುಂಟೆಯ ಶಾಲೆಯೊಂದರಲ್ಲಿ ಚಿಕ್ಕ ತರಗತಿಗಳಿಗೆ ಪಾಠ ಹೇಳುತ್ತಿದ್ದೆ. ಆ ವರ್ಷ ಕೈ ನಡುಗಿ ಬೋರ್ಡಿನ ಮೇಲೆ ಅಕ್ಷರ ಸೊಟ್ಟಗಾಗತೊಡಗಿತು. ಕುಳಿತಲ್ಲೇ ಎದೆ ಡವಗುಟ್ಟುತ್ತಿತ್ತು. ಹೊಟ್ಟೆ ತುಂಬ ಉಂಡರೂ ಕುಪ್ಪಸ ಸಡಿಲವಾಗುತ್ತಿತ್ತು. ಥೈರಾಯ್ಡಿನಲ್ಲಿ ಒಂದು ಗಂಟು ಯಾರ ಮಾತೂ ಕೇಳದೆ ಹಾರ್ಮೋನು ಸುರಿಸುತ್ತಿದೆ ಎಂದು ಹೆಬ್ಬಾಳದ ಆಸ್ಪತ್ರೆಯಲ್ಲಿ ಹೇಳಿದರು. ಮಾತ್ರೆ ನುಂಗುವಷ್ಟು ದಿನ ಹತೋಟಿ, ಬಿಟ್ಟರೆ ಮತ್ತೆ ಅದೇ ಪಾಡು. ಆಪರೇಷನ್ ಮಾಡಬಹುದು, ವಿಕಿರಣದ ಔಷಧಿ ನುಂಗಿಸಬಹುದು. ಇಲ್ಲವೇ ಹೊಸ ದಾರಿ, ಸೂಜಿ ಚುಚ್ಚಿ ಗಂಟನ್ನು ಒಳಗೇ ಕಾಯಿಸಿ ಸುಡುವುದು.

“ಕುಯ್ಯೋದೇನಿಲ್ಲ ಮೇಡಂ. ನೀವು ಎಚ್ಚರವಾಗೇ ಇರ್ತೀರಿ. ಗಂಟು ನಿಧಾನಕ್ಕೆ ಕುಗ್ಗುತ್ತೆ,” ಎಂದರು ಡಾಕ್ಟರು, ನಗುತ್ತ.

“ಧ್ವನಿಗೇನೂ ಆಗೂದಿಲ್ಲೇನ್ರಿ?”

“ವಾಯ್ಸ್ ನರ ಪಕ್ಕದಲ್ಲೇ ಇದೆ. ಅದಕ್ಕೇ ಮಧ್ಯೆ ಮಧ್ಯೆ ಮಾತಾಡಿಸ್ತಾ ಇರ್ತೀವಿ. ರಿಸ್ಕ್ ಕಮ್ಮಿ.”

ಕಮ್ಮಿ ಎಂದರೆ ಇದೆ ಎಂದೇ ಅರ್ಥ. ನಲವತ್ತು ಮಕ್ಕಳನ್ನು ನಾನು ಕೂರಿಸುವುದು ಧ್ವನಿಯಿಂದಲೇ. ಅದು ಹೋದರೆ ನನ್ನ ಕೆಲಸವೇ ಹೋದಂತೆ. ಹೆದರಿದ್ದೆ, ಹೆದರಿಕೆಯನ್ನು ಜಗಳ ಮಾಡಿ ತೀರಿಸಿಕೊಂಡೆ. ಈ ಚಿಕಿತ್ಸೆ ಮಾಡಿಸಿಕೊಂಡವರ ಫೋನ್ ನಂಬರ್ ಕೇಳಿದೆ. ಕೊಡುವಂತಿಲ್ಲ ಎಂದರು. ಅನುಮಾನ ಬಲಿಯಿತು. “ಎಲ್ಲಾರ್ನೂ ಕಳ್ಳರಂಗ ನೋಡಬ್ಯಾಡ,” ಎಂದರು ನಮ್ಮ ಮನೆಯವರು. ಡಾಕ್ಟರ ಜೊತೆ ಇವರೊಬ್ಬರೇ ಏನು ಮಾತಾಡಿಕೊಂಡರೋ ಎಂದು ಅವರ ಮೇಲೂ ಗುಮಾನಿ ಬಂತು.

ಕೊನೆಗೆ ಮಲಗಿದೆ. ಕೊರಳಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಸ್ಕ್ಯಾನಿಂಗ್ ಪರದೆ ನೋಡುತ್ತ ಸೂಜಿ ಇಳಿಸಿದರು. ದವಡೆಯ ತನಕ ಬಿಸಿ ಹರಡಿತು. ಆಗಾಗ ಯಂತ್ರ ನಿಲ್ಲಿಸಿ, ಊರು ಯಾವುದು, ಶಾಲೆ ಎಲ್ಲಿ ಎಂದು ಡಾಕ್ಟರು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ.

“ಯಜಮಾನ್ರ ಹೆಸರೇನು ಮೇಡಂ?”

ಸುಮ್ಮನಾದೆ. ಮೂರು ಫಾರಂಗಳಲ್ಲಿ ಬರೆದುಕೊಟ್ಟ ಹೆಸರನ್ನು ಮತ್ತೆ ಯಾಕೆ ಕೇಳುತ್ತಾರೆ? ಅದಕ್ಕಿಂತ ದೊಡ್ಡ ಅಡ್ಡಿ ನಮ್ಮ ಕಡೆಯ ರೂಢಿ. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದಿಲ್ಲ. ಮದುವೆ, ಸೀಮಂತಗಳಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಕಾಡಿದಾಗ ಮಾತ್ರ, ಪ್ರಾಸ ಕಟ್ಟಿದ ಒಡಪಿನೊಳಗೆ ಸೇರಿಸಿ ಹೇಳಬೇಕು. ಹಾಜರಿ ಪುಸ್ತಕದಲ್ಲಿ ಆ ಹೆಸರು ಬಂದರೂ ನಾನು ರೋಲ್ ನಂಬರನ್ನೇ ಕರೆಯುತ್ತಿದ್ದೆ. ಸೂಜಿ ಕೊರಳಲ್ಲಿರುವಾಗ ಒಡಪು ಎಲ್ಲಿಂದ ನೆನಪಾಗಬೇಕು?

“ಮೇಡಂ, ಹೆಸರು ಹೇಳಿ.”

ತುಟಿ ಬಿಗಿಹಿಡಿದೆ.

“ಕೋಲ್ಡ್ ಸಿರಿಂಜ್ ತನ್ನಿ, ಬೇಗ,” ಎಂದರು ನರ್ಸಿಗೆ. ನರ ಸುಟ್ಟಿತೆಂದು ತಿಳಿದು ಅದನ್ನು ತಂಪು ಮಾಡಲು ಹೊರಟಿದ್ದರು. ಅವರ ಹಣೆ ಬೆವೆತಿತ್ತು. ಯಾವುದಕ್ಕೂ ನಗುತ್ತಲೇ ಉತ್ತರ ಕೊಡುತ್ತಿದ್ದವರು ನನ್ನ ಧ್ವನಿಗಾಗಿ ಹೆದರಿದ್ದರು. ನಾನು ಅವರನ್ನು ನಂಬಿದ್ದು ಆಗಲೇ.

ಹೆಸರು ಹೇಳಿಬಿಟ್ಟೆ, ಒಡಪಿಲ್ಲದೆ.

“ಮತ್ತೆ ಯಾಕ್ರೀ ಸುಮ್ನಿದ್ರಿ?” ಎಂದರು ಡಾಕ್ಟರು. ಕಾರಣ ಹೇಳಿದೆ. ನರ್ಸ್ ನಕ್ಕಳು, ಅವರು ನಗಲಿಲ್ಲ. ಆಮೇಲೆ ಪ್ರತಿಸಲವೂ ಅದೇ ಪ್ರಶ್ನೆ ಕೇಳಿದರು, ಬೇಕೆಂದೇ ಇರಬೇಕು. ಹೇಳಿ ಹೇಳಿ ನನಗೂ ಬಾಯಿಗೆ ರೂಢಿಯಾಯಿತು.

ಒಂದೆರಡು ಗಂಟೆ ಮಲಗಿಸಿ, ಎಲ್ಲ ಸರಿಯಿದೆ ಎಂದು ಹೊರಗೆ ಕಳಿಸಿದರು. ನಮ್ಮವರು ಕಾರಿಡಾರಿನ ತುದಿಯಲ್ಲಿ ಬೆನ್ನು ಮಾಡಿ ನಿಂತಿದ್ದರು. ಅದೇ ಗುಂಗಿನಲ್ಲಿ ಹೆಸರು ಹಿಡಿದು ಕರೆದೆ. ತಿರುಗಿದವರು ನನ್ನ ಕಡೆ ನೋಡದೆ ಲಿಫ್ಟಿನ ಕಡೆ ನೋಡಿದರು. ಮತ್ತೆ ಕರೆದೆ. ಔಷಧಿ ಅಂಗಡಿಯ ಕಡೆ ನೋಡಿದರು. ಧ್ವನಿ ಕೆಟ್ಟೇ ಹೋಗಿದೆ, ಒಳಗಿನವರೆಲ್ಲ ಸೇರಿ ಸುಳ್ಳು ಹೇಳಿದ್ದಾರೆ ಎಂದುಕೊಂಡೆ.

“ಏನ್ರೀ, ಇಲ್ಲೇ ಅದೀನಲ್ಲ,” ಎಂದೆ, ಅಳು ತಡೆದು.

ತಕ್ಷಣ ಓಡಿಬಂದು ಕೈ ಹಿಡಿದರು.

“ನೀ ಬಂದದ್ದು ಗೊತ್ತಾಗ್ಲಿಲ್ಲ ನೋಡು. ಯಾರೋ ಹೆಣ್ಮಗಳು ನನ್ನ ಹೆಸರು ಹಿಡದು ಕರಿಯಾಕತ್ತಿದ್ಳು,” ಎಂದರು. “ನೋಡಿದ್ರ ಯಾರೂ ಇಲ್ಲ.”