ಪ್ಲಗ್ಗು ಸೊಂಟದಲ್ಲಿರಲಿ

ಕೈಮಿಕ್ಸಿ ಬಳಸುವುದನ್ನು ಬಸವನಗುಡಿಗೆ ಕಲಿಸಿದವಳು ನಾನು. ಹೀಗೆ ಹೇಳಿದರೆ ನನ್ನ ಮಗಳು ‘ಶುರುವಾಯ್ತು’ ಅಂತ ಎದ್ದು ಹೋಗುತ್ತಾಳೆ. ಹೋಗಲಿ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಚಿಕ್ಕಪೇಟೆಯ ಒಂದು ಪಾತ್ರೆ ಅಂಗಡಿ ಆ ಯಂತ್ರವನ್ನು ಮಾರತೊಡಗಿದಾಗ, ಕೊಂಡವರ ಮನೆಗೆ ಮಾರನೆಯ ದಿನ ಹೋಗಿ ಅದನ್ನು ಹೇಗೆ ಹಿಡಿಯಬೇಕು, ಹೇಗೆ ತೊಳೆಯಬೇಕು ಅಂತ ತೋರಿಸುವ ಕೆಲಸ ನನ್ನದಾಗಿತ್ತು. ಆಗ ನನಗೆ ಇಪ್ಪತ್ತು ವರ್ಷ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಎರಡು ಒಳ್ಳೆಯ ಸೀರೆ ಇದ್ದವು, ಬಾಯಿ ಬೇಕಾದಷ್ಟಿತ್ತು.

ಡಬ್ಬದ ಮೇಲೆ ಹ್ಯಾಂಡ್ ಬ್ಲೆಂಡರ್ ಅಂತ ಬರೆದಿತ್ತು, ಜನ ಕೈಮಿಕ್ಸಿ ಅಂದರು. ಮೇಲಿನ ಅರ್ಧದಲ್ಲಿ ಮೋಟಾರು ಮತ್ತು ಒತ್ತುವ ಗುಂಡಿ. ಕೆಳಗಿನ ಅರ್ಧ ಒಂದು ಉದ್ದನೆಯ ಕೊಳವೆ, ಅದರ ತುದಿಯಲ್ಲಿ ಪುಟ್ಟ ಬ್ಲೇಡು. ತಿರುಗಿಸಿದರೆ ಕೊಳವೆ ಕಳಚಿ ಬರುತ್ತಿತ್ತು, ಆ ಜಾಗಕ್ಕೆ ಮಜ್ಜಿಗೆ ಕಡೆಯುವ ತಂತಿಯ ಕಡೆಗೋಲು ಹಾಕಬಹುದಿತ್ತು. ಅಂಗಡಿಯಲ್ಲಿ ಯಾರೂ ನನಗೆ ಏನೂ ಹೇಳಿಕೊಡಲಿಲ್ಲ. ಡಬ್ಬದೊಳಗಿನ ಚೀಟಿಯನ್ನು ಓದಿ, ನಮ್ಮ ಮನೆಯ ಬೇಳೆಯನ್ನು ಗೋಡೆಗೆಲ್ಲ ಹಾರಿಸಿ ಕಲಿತೆ. ಮೊದಲು ಬ್ಲೇಡು ಮುಳುಗಬೇಕು, ಆಮೇಲೆ ಗುಂಡಿ ಒತ್ತಬೇಕು. ಮೊದಲು ಗುಂಡಿ ಬಿಡಬೇಕು, ಆಮೇಲೆ ಮೇಲಕ್ಕೆತ್ತಬೇಕು. ಕುದಿಯುವ ಸಾರಿಗೆ ಇಳಿಸಬಾರದು, ಮುಖಕ್ಕೆ ಹಾರುತ್ತದೆ. ಒಂದು ನಿಮಿಷ ಓಡಿಸಿದರೆ ಒಂದಿಷ್ಟು ಹೊತ್ತು ಬಿಡಬೇಕು. ಇಷ್ಟನ್ನು ಅಮ್ಮನಿಗೆ ಹೇಳಿಕೊಟ್ಟು ಅವಳ ಕೈಲಿ ಸೈ ಅನ್ನಿಸಿಕೊಂಡ ಮೇಲೆಯೇ ಊರಿಗೆ ಹೇಳಿಕೊಡಲು ಹೊರಟೆ.

ಒಂದು ಸಂಗತಿ ಮಾತ್ರ ಯಾವ ಚೀಟಿಯಲ್ಲೂ ಇರಲಿಲ್ಲ, ಅದು ನಾನೇ ಕಂಡುಹಿಡಿದದ್ದು. ಮಲ್ಲೇಶ್ವರದ ಒಂದು ಮನೆಯಲ್ಲಿ ಬ್ಲೇಡಿಗೆ ಕೊತ್ತಂಬರಿ ಸೊಪ್ಪಿನ ನಾರು ಸುತ್ತಿಕೊಂಡಿತು. ಆ ಮನೆಯಾಕೆ ಎಡಗೈ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡೇ ಬಲಗೈ ಬೆರಳನ್ನು ನಾರಿಗೆ ಹಾಕಿದರು. ಕರೆಂಟ್ ಇತ್ತು. ನಾನು ಪ್ಲಗ್ಗನ್ನು ಕಿತ್ತ ರಭಸಕ್ಕೆ ಬೋರ್ಡೇ ಅಲ್ಲಾಡಿತು. ಮನೆಗೆ ಬರುವಾಗ ಬಸ್ಸಿನಲ್ಲಿ ಕೂತು ಯೋಚಿಸಿದೆ. ಮಾರನೆಯ ದಿನದಿಂದ ಎಲ್ಲ ಮನೆಯಲ್ಲೂ ಒಂದೇ ಪಾಠ: ಬ್ಲೇಡಿನ ಹತ್ತಿರ ಬೆರಳು ಹೋಗುವ ಮುಂಚೆ ಪ್ಲಗ್ಗನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಬೀಗದ ಕೈ ಗೊಂಚಲು ಇರುತ್ತದಲ್ಲ, ಅದರ ಪಕ್ಕಕ್ಕೆ. ‘ಪ್ಲಗ್ಗು ನಿಮ್ಮ ಸೊಂಟದಲ್ಲಿದ್ರೆ ಮನೇಲಿ ಬೇರೆ ಯಾರೂ ಸ್ವಿಚ್ ಹಾಕಕ್ಕಾಗಲ್ಲ’ ಅನ್ನುತ್ತಿದ್ದೆ. ನಗುತ್ತಿದ್ದರು, ಆದರೆ ಸಿಕ್ಕಿಸಿಕೊಳ್ಳುತ್ತಿದ್ದರು.

ಇಷ್ಟೆಲ್ಲ ಚೆನ್ನಾಗಿ ನಡೆಯುತ್ತಿರುವಾಗ ಬಸವನಗುಡಿಯ ಒಂದು ಮನೆಯಿಂದ ಕೈಮಿಕ್ಸಿ ಸುಟ್ಟು ವಾಪಸು ಬಂತು. ಅತ್ತೆ, ಸೊಸೆ ಇದ್ದ ಮನೆ. ಅಂಗಡಿಯ ಯಜಮಾನರು ಬೇರೆ ಕೊಟ್ಟರು, ನಾನು ಹೋಗಿ ಮತ್ತೊಮ್ಮೆ ತೋರಿಸಿ ಬಂದೆ. ವಾರ ಕಳೆಯುವುದರೊಳಗೆ ಅದೂ ವಾಪಸು. ನಮ್ಮ ಮೆಕ್ಯಾನಿಕ್ ಬಿಚ್ಚಿದರೆ ಮೋಟಾರಿನಿಂದ ನೀರು ತೊಟ್ಟಿಕ್ಕಿತು. ಆ ಮನೆಯವರು ಮಾತ್ರ, ‘ನಿಮ್ಮ ಹುಡುಗಿ ಹೇಳಿದ್ದು ಬಿಟ್ಟು ನಾವು ಏನೂ ಮಾಡಿಲ್ಲ’ ಅಂದುಬಿಟ್ಟರು.

ಯಜಮಾನರು ನನ್ನನ್ನು ಕರೆದರು. ‘ಏನಮ್ಮಾ, ಏನು ಹೇಳ್ಕೊಡ್ತೀಯ ಅಲ್ಲಿ? ಮೂರನೇದೂ ಸುಟ್ಟು ಬಂದ್ರೆ ನಾಳೆಯಿಂದ ನೀನು ಬರೋದು ಬೇಡ.’

ನನಗೆ ಅಳು ಬರಲಿಲ್ಲ, ಮೈ ಉರಿಯಿತು. ಅಪ್ಪ ಬಿನ್ನಿಪೇಟೆಯ ಮಿಲ್ಲಿನಲ್ಲಿ ನೇಯುತ್ತಿದ್ದರು, ಅಲ್ಲಿ ಆಗ ಕೆಲಸ ಕಡಿಮೆಯಾಗಿ ವಾರದಲ್ಲಿ ಎಷ್ಟೋ ದಿನ ಮನೆಯಲ್ಲೇ ಕೂತಿರುತ್ತಿದ್ದರು. ನನ್ನ ಕೆಲಸ ಹೋದರೆ ಒಲೆ ಉರಿಯುವುದು ಕಷ್ಟವಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ನಾನು ತಪ್ಪು ಹೇಳಿಕೊಟ್ಟೆ ಅನ್ನುವ ಮಾತು.

ಮೂರನೆಯ ಕೈಮಿಕ್ಸಿ ಹಿಡಿದು ಹೋದೆ. ಆ ಮನೆಯಲ್ಲಿ ನನ್ನ ಜಾಗ ಪಡಸಾಲೆ. ಮೊದಲ ದಿನವೇ ಅತ್ತೆ, ‘ಮನೆ ಎಲ್ಲಮ್ಮಾ ನಿಂದು?’ ಅಂತ ಕೇಳಿದ್ದರು. ಬಿನ್ನಿಪೇಟೆ, ಅಪ್ಪ ಮಿಲ್ಲಿನಲ್ಲಿ ಅಂದೆ. ಅವರಿಗೆ ತಿಳಿಯಬೇಕಾದದ್ದು ತಿಳಿಯಿತು. ಕಿಟಕಿಯ ಗೂಡಿನಲ್ಲಿ ನನಗಾಗಿ ಒಂದು ಲೋಟ ಬಂತು. ಕಾಫಿಯನ್ನು ಮೇಲಿನಿಂದ ಹೊಯ್ದು, ‘ಕುಡಿದು ತೊಳೆದಿಟ್ಟು ಹೋಗಮ್ಮಾ’ ಅಂದರು. ತೊಳೆದಿಟ್ಟಿದ್ದೆ. ಆ ಲೋಟವನ್ನು ತೊಳೆದದ್ದಕ್ಕೆ ಈಗಲೂ ನನಗೆ ನನ್ನ ಮೇಲೆ ಕೋಪವಿದೆ.

ಮೂರನೆಯ ಸಲವೂ ಪಡಸಾಲೆಯಲ್ಲೇ ತೋರಿಸಿದೆ. ಕೆಳಗಿನ ಅರ್ಧ ಮಾತ್ರ ನೀರಿಗೆ, ಮೇಲಿನದಕ್ಕೆ ಒಣಬಟ್ಟೆ ಅಂತ ಮೂರು ಸಲ ಹೇಳಿದೆ. ಸೊಸೆ ತಲೆಯಾಡಿಸಿದರು. ಹೊರಟೆ. ರಸ್ತೆಯ ಕೊನೆಗೆ ಬಂದಾಗ ನೋಡಿದರೆ ಕೈಯಲ್ಲಿ ಛತ್ರಿ ಇಲ್ಲ.

ವಾಪಸು ಬಂದೆ. ಬಾಗಿಲು ತೆರೆದೇ ಇತ್ತು, ಪಡಸಾಲೆಯಿಂದ ಅಡುಗೆಮನೆ ನೇರ ಕಾಣುತ್ತಿತ್ತು. ಸೊಸೆ ಕೈಮಿಕ್ಸಿಯನ್ನು ಅಲ್ಲಿಯ ಮೂಲೆಯ ಬಚ್ಚಲಿನ ಮೇಲೆ ಎರಡೂ ಕೈಲಿ ಹಿಡಿದಿದ್ದಾರೆ, ಅತ್ತೆ ಚೊಂಬಿನಿಂದ ಅದರ ತಲೆಯ ಮೇಲೆ ನೀರು ಹೊಯ್ಯುತ್ತಿದ್ದಾರೆ, ಮಗುವಿಗೆ ಎರೆದಂತೆ. ನಾನು ಮುಟ್ಟಿದ್ದೇನೆ, ಅದಕ್ಕೇ ಅಡುಗೆಗೆ ಬಳಸುವ ಮುಂಚೆ ಸ್ನಾನ. ತಮಾಷೆ ಏನೆಂದರೆ ನಾನು ಕಲಿಸಿದ ಹಾಗೆ ಪ್ಲಗ್ಗು ಸೊಸೆಯ ಸೊಂಟದಲ್ಲೇ ಇತ್ತು.

ಸಿಟ್ಟು, ನಗು, ನೋವು ಎಲ್ಲ ಒಟ್ಟಿಗೆ ಬಂದವು. ಆದರೆ ಯಾವುದಕ್ಕೂ ಪುರುಸೊತ್ತು ಸಿಗಲಿಲ್ಲ. ಸೊಸೆ ಇನ್ನೂ ನೀರು ತೊಟ್ಟಿಕ್ಕುತ್ತಿದ್ದ ಆ ಯಂತ್ರವನ್ನು ಒಂದು ಕೈಲಿ ಹಿಡಿದೇ ಒದ್ದೆ ಕೈಯಿಂದ ಪ್ಲಗ್ಗನ್ನು ಬೋರ್ಡಿಗೆ ಸಿಕ್ಕಿಸಿದರು, ಬೆರಳು ಸ್ವಿಚ್ಚಿನತ್ತ ಹೋಯಿತು.

‘ಸ್ವಿಚ್ ಹಾಕ್ಬೇಡಿ!’ ಅಂತ ಕೂಗಿದೆ. ಕೂಗಿದ್ದಷ್ಟೇ ಅಲ್ಲ, ಹೊಸಿಲು ದಾಟಿ ಒಳಗೆ ಓಡಿ ಅವರ ಕೈ ಹಿಡಿದು ಹಿಂದಕ್ಕೆಳೆದೆ. ಆಮೇಲೆ ನನ್ನ ಸೆರಗಿನಲ್ಲಿ ಹಿಡಿದು ಪ್ಲಗ್ಗನ್ನು ಕಿತ್ತೆ.

ಅತ್ತೆಯ ಕೈಲಿದ್ದ ಚೊಂಬು ಅಲ್ಲೇ ನಿಂತಿತು. ‘ಒಳಗೇ ಬಂದ್ಬಿಟ್ಯಲ್ಲೇ! ಮಡೀಲಿರೋಳನ್ನ ಮುಟ್ಬಿಟ್ಯಲ್ಲೇ!’

‘ಮುಟ್ಟಿದೆ ಅಮ್ಮಾವ್ರೇ. ಇನ್ನೊಂದು ಕ್ಷಣ ತಡ ಮಾಡಿದ್ರೆ ಕರೆಂಟ್ ಮುಟ್ತಿತ್ತು. ನಾನು ಮುಟ್ಟಿದ್ದು ಸ್ನಾನ ಮಾಡಿದ್ರೆ ಹೋಗುತ್ತೆ. ಕರೆಂಟ್ ಮುಟ್ಟಿದ್ದು ಹೋಗಲ್ಲ.’

ಸೊಸೆ ಗೋಡೆಗೊರಗಿ ಕೂತರು. ಅತ್ತೆ ಅವರನ್ನು ನೋಡಿದರು, ನೀರು ಸೋರುತ್ತಿದ್ದ ಯಂತ್ರವನ್ನು ನೋಡಿದರು. ಚೊಂಬನ್ನು ಕೆಳಗಿಟ್ಟು, ‘ಮತ್ತೆ ಇದಕ್ಕೆ ಮಡಿ ಹ್ಯಾಗೆ?’ ಅಂದರು. ದನಿಯಲ್ಲಿ ಜಗಳವಿರಲಿಲ್ಲ, ನಿಜವಾಗಿ ಕೇಳುತ್ತಿದ್ದರು.

ನಮ್ಮ ಅಂಗಡಿಯ ಪಕ್ಕದಲ್ಲಿ ರೇಷ್ಮೆ ಸೀರೆಯ ಅಂಗಡಿ. ದಿನವಿಡೀ ಅಲ್ಲಿಯ ಮಾತು ನನ್ನ ಕಿವಿಗೆ ಬೀಳುತ್ತಿತ್ತು, ಮಡಿಗೆ ಉಡುವ ರೇಷ್ಮೆಗೆ ಪಟ್ಟೆ ಅನ್ನುತ್ತಿದ್ದರು. ಅದು ನೆನಪಾಯಿತು.

‘ಅಮ್ಮಾವ್ರೇ, ನೀವು ಪಟ್ಟೆ ಮಡೀನ ದಿನಾ ನೆನೆಸ್ತೀರಾ?’

‘ಪಟ್ಟೆಗ್ಯಾಕೆ ನೀರು? ಅದು ಹಂಗೇ ಮಡಿ. ನೂಲಿನ ಸೀರೆಯಾದ್ರೆ ನೆನೆಸ್ಬೇಕು.’

‘ಹಂಗಾದ್ರೆ ಈ ಮೇಲಿನ ಅರ್ಧ ಪಟ್ಟೆ ಅಂತ ತಿಳ್ಕೊಳ್ಳಿ. ಒಣಬಟ್ಟೇಲಿ ಒರೆಸಿದ್ರೆ ಆಯ್ತು. ಕೆಳಗಿನ ಅರ್ಧ ನೂಲು. ಕಳಚ್ಬಿಟ್ಟು ಎಷ್ಟು ನೀರು ಬೇಕಾದ್ರೂ ಹೊಯ್ರಿ.’

ಅವರು ಪಡಸಾಲೆಗೆ ಬಂದು ನನ್ನ ಛತ್ರಿಯನ್ನು ಕಾಲಿನಿಂದ ಬಾಗಿಲ ಕಡೆಗೆ ಸರಿಸಿದರು. ನಾನು ಒದ್ದೆ ಯಂತ್ರವನ್ನು ಅಂಗಡಿಗೆ ತಂದು, ಕಂಡದ್ದನ್ನು ಕಂಡಂತೆ ಯಜಮಾನರಿಗೆ ಹೇಳಿದೆ. ಸ್ವಿಚ್ ಹಾಕದೆ ಇದ್ದದ್ದರಿಂದ ಮೋಟಾರು ಸುಟ್ಟಿರಲಿಲ್ಲ. ಮೆಕ್ಯಾನಿಕ್ ಬಿಚ್ಚಿ ದಿನಗಟ್ಟಲೆ ಒಣಗಿಸಿ, ಪರೀಕ್ಷೆ ಮಾಡಿ ಸರಿಯಿದೆ ಅಂದ. ಅದನ್ನೇ ಆ ಮನೆಗೆ ಕಳಿಸಿದೆವು. ಒಂದು ತಿಂಗಳು ದಿನಾ ಬೆಳಿಗ್ಗೆ ಅಂಗಡಿಯ ಮೆಟ್ಟಿಲು ಹತ್ತುವಾಗ ಕೌಂಟರಿನ ಮೇಲೆ ಆ ಡಬ್ಬ ಇದೆಯೇನೋ ಅಂತ ನೋಡುತ್ತಿದ್ದೆ. ಬರಲಿಲ್ಲ. ಯಜಮಾನರೇ ಗಿರಾಕಿಗಳಿಗೆ, ‘ಮೇಲಿನದು ಪಟ್ಟೆ, ಕೆಳಗಿನದು ನೂಲು ನೋಡಿ’ ಅಂತ ತಮ್ಮದೇ ಮಾತಿನಂತೆ ಹೇಳತೊಡಗಿದರು. ನನ್ನದು ಅಂತ ಅಲ್ಲೇ, ಎಲ್ಲರೆದುರೇ ಹೇಳಿದೆ.

ದಸರೆಯ ಹೊತ್ತಿಗೆ ಅದೇ ಬೀದಿಯ ಪಕ್ಕದ ಮನೆಯವರು ಒಂದು ಕೊಂಡರು. ಹೇಳಿಕೊಡಲು ಹೋದರೆ ಆ ಮನೆಯಾಕೆ, ‘ನೀವೇನೂ ಹೇಳೋದು ಬೇಡಮ್ಮಾ, ಪಕ್ಕದ್ಮನೆಯೋರು ಎಲ್ಲಾ ಹೇಳ್ಕೊಟ್ಟಿದಾರೆ’ ಅಂದರು. ಗೇಟು ದಾಟುತ್ತಿದ್ದಂತೆ ಪಕ್ಕದ ಮನೆಯಿಂದ ಆ ಅತ್ತೆಯೇ ಕರೆದರು. ‘ಬಾರೇ ಇಲ್ಲಿ. ಮಜ್ಜಿಗೆ ಕುಡ್ಕೊಂಡ್ ಹೋಗು.’

ಪಡಸಾಲೆಯಲ್ಲಿ ಕೂತೆ. ನನ್ನೆದುರೇ ಕಡೆಗೋಲು ಸಿಕ್ಕಿಸಿದರು. ಮೊದಲು ಮುಳುಗಿಸಿದರು, ಆಮೇಲೆ ಗುಂಡಿ ಒತ್ತಿದರು. ಮೊದಲು ಬಿಟ್ಟರು, ಆಮೇಲೆ ಎತ್ತಿದರು. ಪ್ಲಗ್ಗನ್ನು ಕಿತ್ತು ಬೀಗದ ಕೈ ಗೊಂಚಲಿನ ಪಕ್ಕಕ್ಕೆ ಸಿಕ್ಕಿಸಿಕೊಂಡರು. ಕಡೆಗೋಲನ್ನು ಕಳಚಿ ನೀರಿಗೆ ಹಾಕಿ, ಮೇಲಿನ ಅರ್ಧವನ್ನು ಒಣಬಟ್ಟೆಯಲ್ಲಿ ಒರೆಸಿ ಗೂಟಕ್ಕೆ ನೇತುಹಾಕಿದರು. ನನಗೆ ಬಹಳ ಹೆಮ್ಮೆಯಾಯಿತು. ಆಮೇಲೆ ಅದೇ ಗೂಡಿನಿಂದ ಅದೇ ಲೋಟ ತೆಗೆದು, ಮೊದಲಿನ ಹಾಗೇ ಮೇಲಿನಿಂದ ಮಜ್ಜಿಗೆ ಹೊಯ್ದರು.

ಕುಡಿದೆ. ಈ ಸಲ ತೊಳೆಯಲಿಲ್ಲ. ಲೋಟವನ್ನು ಅವರ ಮುಂದೆ ಇಟ್ಟು ಎದ್ದು ನಿಂತೆ. ಅವರು ನನ್ನ ಮುಖ ನೋಡಿದರು, ನಾನೂ ನೋಡಿದೆ. ಆಮೇಲೆ ತಾವೇ ಲೋಟ ಎತ್ತಿಕೊಂಡು ಒಳಗೆ ಹೋದರು. ಲೋಟಕ್ಕೆ ಎಷ್ಟು ಚೊಂಬು ನೀರು ಹೊಯ್ದರೋ ನನಗೆ ಗೊತ್ತಿಲ್ಲ. ಮೋಟಾರಿಗೆ ಮಾತ್ರ ಒಂದು ಹನಿಯೂ ಹೊಯ್ಯಲಿಲ್ಲ, ಅದು ನಾನು ಕಲಿಸಿದ್ದು.